ಕ್ಲಾಪ್ ನಂತರ ಯಾರು? ಆನ್‌ಫೀಲ್ಡ್ ಕೇಳಿದ ಪ್ರಶ್ನೆ

2024ರ ಜನವರಿ 26ರಂದು ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಒಂದು ವಿಡಿಯೊ ಬಿಡುಗಡೆ ಮಾಡಿತು. ಋತು ಮುಗಿದೊಡನೆ ಹುದ್ದೆ ಬಿಡುವುದಾಗಿ ಮ್ಯಾನೇಜರ್ ಯೂರ್ಗೆನ್ ಕ್ಲಾಪ್ ಅದರಲ್ಲಿ ತಿಳಿಸಿದ್ದರು. ತಂಡ ಆಗ ಪ್ರೀಮಿಯರ್ ಲೀಗ್‌ನ ತುದಿಯಲ್ಲಿತ್ತು. ಯಾರೂ ಅವರನ್ನು ಹೊರದೂಡಿರಲಿಲ್ಲ. ತಮ್ಮ ಶಕ್ತಿ ಉಡುಗುತ್ತಿದೆ ಎಂಬುದಷ್ಟೇ ಅವರು ಕೊಟ್ಟ ಕಾರಣ. ಅಂದಿನಿಂದ ಮರ್ಸಿ ನದಿಯ ದಂಡೆಯ ಆ ಊರಿನಲ್ಲೂ, ಜಗತ್ತಿನ ಬೇರೆಬೇರೆ ಮೂಲೆಗಳಲ್ಲಿರುವ ಆ ಕ್ಲಬ್ಬಿನ ಅಭಿಮಾನಿಗಳ ಬಾಯಲ್ಲೂ ಒಂದೇ ಮಾತು: ಮುಂದೆ ಯಾರು?

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಪ್ರಶ್ನೆಯ ಭಾರ ಸುಲಭಕ್ಕೆ ತಟ್ಟದು. ಅಲ್ಲಿ ಬೌಲರ್ ಬದಲಿಸುವುದು, ಫೀಲ್ಡರ್‌ಗಳನ್ನು ನಿಲ್ಲಿಸುವುದು ನಾಯಕನ ಕೆಲಸ. ಫುಟ್‌ಬಾಲ್‌ನಲ್ಲಿ ಯಾರು ಆಡಬೇಕು, ಹೇಗೆ ಆಡಬೇಕು, ಯಾರನ್ನು ಯಾವ ನಿಮಿಷದಲ್ಲಿ ಹೊರಗೆ ಕರೆಯಬೇಕು ಎಂಬುದೆಲ್ಲ ಗೆರೆಯಾಚೆ ನಿಂತ ಮ್ಯಾನೇಜರ್ ಕೈಯಲ್ಲಿರುತ್ತದೆ. ಅವರು ಬದಲಾದರೆ ತಂಡದ ಸ್ವಭಾವವೇ ಬದಲಾದೀತು.

ಈ ಚರ್ಚೆಯನ್ನು ಹೊತ್ತು ಹೋಗದವರ ಹರಟೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಭಿಮಾನಿಗಳು ಹೇಳುವ ಹೆಸರು ಹಲವು ಸಲ ತಪ್ಪಾಗುತ್ತದೆ, ನಿಜ. ಆದರೆ ಆ ಹೆಸರಿನ ಹಿಂದೆ ಅವರು ಕೇಳುತ್ತಿರುವುದು ತಪ್ಪಾಗುವುದು ಅಪರೂಪ. ಲಿವರ್‌ಪೂಲ್‌ನ ಕಥೆಯಲ್ಲಿ ಇದಕ್ಕೆ ಬೇಕಾದಷ್ಟು ಸಾಕ್ಷ್ಯವಿದೆ.

ಹೆಸರುಗಳ ಹಿಂದಿನ ಆಸೆ

2024ರಲ್ಲಿ ಹೆಚ್ಚು ಕೇಳಿಬಂದ ಹೆಸರು ಕ್ಸಾಬಿ ಅಲೋನ್ಸೊ ಅವರದು. 2004ರಿಂದ 2009ರವರೆಗೆ ಲಿವರ್‌ಪೂಲ್‌ನ ಮಧ್ಯಮೈದಾನದಲ್ಲಿ ಆಡಿದವರು. 2005ರ ಚಾಂಪಿಯನ್ಸ್ ಲೀಗ್‌ನ ಇಸ್ತಾಂಬುಲ್ ಫೈನಲ್‌ನಲ್ಲಿ ಎಸಿ ಮಿಲಾನ್ ವಿರುದ್ಧ 0–3ರಿಂದ ಹಿಂದಿದ್ದ ತಂಡಕ್ಕೆ ಸಮಬಲದ ಮೂರನೆಯ ಗೋಲು ತಂದವರು. 2022ರ ಅಕ್ಟೋಬರ್‌ನಲ್ಲಿ ಅವರು ಜರ್ಮನಿಯ ಲೆವರ್‌ಕೂಸೆನ್ ತಂಡದ ಹೊಣೆ ಹೊತ್ತಾಗ ಅದು ಹಿಂಬಡ್ತಿಯ ಅಂಚಿನಲ್ಲಿತ್ತು. ಮುಂದಿನ ಋತುವಿನಲ್ಲಿ ಅದೇ ತಂಡ ಒಂದು ಪಂದ್ಯವನ್ನೂ ಸೋಲದೆ ತನ್ನ ಮೊದಲ ಬುಂಡೆಸ್‌ಲಿಗಾ ಕಿರೀಟ ಗೆದ್ದಿತು.

ಅಲೋನ್ಸೊ ಬೇಕು ಎಂದವರು ಕೇಳಿದ್ದು ಎರಡು ಸಂಗತಿ: ಬರುವವರು ನಮ್ಮವರಾಗಿರಲಿ, ಹೊಸ ಕಾಲದ ಆಟ ಬಲ್ಲವರಾಗಿರಲಿ. ತಂಡದ ಹಳೆಯ ನಾಯಕ ಸ್ಟೀವನ್ ಜೆರಾರ್ಡ್ ಒಂದು ದಿನ ಈ ಹುದ್ದೆಗೆ ಬರುತ್ತಾರೆ ಎಂಬ ಹಳೆಯ ನಂಬಿಕೆಯಲ್ಲಿದ್ದದ್ದು ಊರಮಗನ ಮೇಲಿನ ಅಕ್ಕರೆ. ಪೋರ್ಚುಗಲ್‌ನ ರೂಬೆನ್ ಅಮೊರಿಮ್ ಪರ ನಿಂತವರು ಧೈರ್ಯದ ಹೊಸಬರನ್ನು ಬಯಸಿದ್ದರು. ಮಾರ್ಚ್ ಕೊನೆಗೆ ಅಲೋನ್ಸೊ ಲೆವರ್‌ಕೂಸೆನ್‌ನಲ್ಲೇ ಉಳಿಯುವುದಾಗಿ ಹೇಳಿದಾಗ ದೊಡ್ಡದೊಂದು ಗುಂಪು ಕೈಚೆಲ್ಲಿತು.

ಬೂಟಿನ ಕೋಣೆಯ ಕಾಲ

ಈ ದಿಗಿಲು ಆ ಊರಿಗೆ ಹೊಸದಲ್ಲ. 1959ರಲ್ಲಿ ಬಿಲ್ ಶಾಂಕ್ಲಿ ಮ್ಯಾನೇಜರ್ ಆಗಿ ಬಂದಾಗ ಲಿವರ್‌ಪೂಲ್ ಎರಡನೆಯ ದರ್ಜೆಯ ಲೀಗ್‌ನಲ್ಲಿತ್ತು. ಅವರು ಅದನ್ನು ಮೇಲೆತ್ತಿ ಮೂರು ಸಲ ದೇಶದ ಚಾಂಪಿಯನ್ ಮಾಡಿದರು. 1974ರ ಜುಲೈನಲ್ಲಿ ಅವರು ದಿಢೀರನೆ ಹುದ್ದೆ ಬಿಟ್ಟಾಗ ಬೀದಿಯಲ್ಲಿದ್ದ ಜನ ಸುದ್ದಿಯನ್ನು ನಂಬಲೇ ಇಲ್ಲ. ಜಾಗಕ್ಕೆ ಬಂದವರು ಅವರ ಸಹಾಯಕ ಬಾಬ್ ಪೇಸ್ಲಿ. ಮಾತು ಕಡಿಮೆ, ಹುದ್ದೆಯ ಹಂಬಲವೂ ಇರಲಿಲ್ಲ. ಕ್ಲಬ್ಬಿನ ಮೈದಾನವಾದ ಆನ್‌ಫೀಲ್ಡ್‌ನ ಬೂಟುಗಳನ್ನಿಡುವ ಪುಟ್ಟ ಕೋಣೆಯಲ್ಲಿ ಕೂತು ಆಟದ ಲೆಕ್ಕ ಹಾಕುತ್ತಿದ್ದ ತರಬೇತುದಾರರ ಬಳಗದಿಂದ ಬಂದವರು ಅವರು. ಒಂಬತ್ತು ಋತುಗಳಲ್ಲಿ ಆರು ಲೀಗ್ ಕಿರೀಟ, ಮೂರು ಯುರೋಪಿಯನ್ ಕಪ್ ಗೆದ್ದರು.

ಆದರೆ ಮೊದಮೊದಲು ಶಾಂಕ್ಲಿ ತರಬೇತಿ ಮೈದಾನಕ್ಕೆ ಬರುವುದನ್ನು ಬಿಟ್ಟಿರಲಿಲ್ಲ. ಆಟಗಾರರು ಅವರನ್ನೇ ಬಾಸ್ ಎನ್ನುತ್ತಿದ್ದರು. ಇದು ಪೇಸ್ಲಿಗೂ ಕ್ಲಬ್ಬಿಗೂ ಇರುಸುಮುರುಸು ತಂದಿತು. ಬರುವವರು ಯಾರೆಂಬುದು ಎಷ್ಟು ಮುಖ್ಯವೋ, ಹೋಗುವವರು ಹೇಗೆ ಹೋಗುತ್ತಾರೆ ಎಂಬುದೂ ಅಷ್ಟೇ ಮುಖ್ಯ.

ಜನ ಕೇಳಿದ್ದು ಸಿಕ್ಕಾಗ

2010ರಲ್ಲಿ ಕ್ಲಬ್ ರಾಯ್ ಹಾಡ್ಜ್‌ಸನ್ ಅವರನ್ನು ನೇಮಿಸಿತು. ಮಾಲೀಕರ ಸಾಲದ ಹೊರೆಯಲ್ಲಿ ಕ್ಲಬ್ ನಲುಗುತ್ತಿದ್ದ ಹೊತ್ತದು. ಸೋಲುಗಳು ಸಾಲುಗಟ್ಟಿದಾಗ ಆನ್‌ಫೀಲ್ಡ್‌ನ ಕಾಪ್ ಗ್ಯಾಲರಿ ಪಂದ್ಯದ ನಡುವೆಯೇ ಕ್ಲಬ್ಬಿನ ಹಳೆಯ ಆಟಗಾರ, ಹಳೆಯ ಮ್ಯಾನೇಜರ್ ಕೆನ್ನಿ ಡಾಲ್‌ಗ್ಲಿಷ್ ಹೆಸರು ಕೂಗತೊಡಗಿತು. 2011ರ ಜನವರಿಯಲ್ಲಿ ಹಾಡ್ಜ್‌ಸನ್ ಹೋದರು, ಡಾಲ್‌ಗ್ಲಿಷ್ ಬಂದರು. ಮುಂದಿನ ವರ್ಷ ಲೀಗ್ ಕಪ್ ಸಿಕ್ಕಿತು. ಆದರೆ ಲೀಗ್‌ನಲ್ಲಿ ತಂಡ ಎಂಟನೆಯ ಸ್ಥಾನಕ್ಕಿಳಿಯಿತು. 2012ರ ಮೇನಲ್ಲಿ ಅವರನ್ನೂ ಕಳುಹಿಸಲಾಯಿತು.

ಇಷ್ಟಕ್ಕೇ ಜನರ ಕೂಗು ತಪ್ಪಾಗಿತ್ತು ಎನ್ನಲಾದೀತೆ? ಕುಸಿದಿದ್ದ ಕ್ಲಬ್ಬಿಗೆ ಅಂದು ಬೇಕಿದ್ದದ್ದು ಮತ್ತೆ ತಲೆ ಎತ್ತಿ ನಿಲ್ಲುವ ನೈತಿಕ ಬಲ. ಅದನ್ನು ಡಾಲ್‌ಗ್ಲಿಷ್ ಕೊಟ್ಟರು. ಹತ್ತು ವರ್ಷದ ಆಟದ ಯೋಜನೆ ಬೇರೆಯೇ ಕೆಲಸ. ಅದಕ್ಕೆ ಬೇರೆಯೇ ಬಗೆಯ ಹುಡುಕಾಟ ಬೇಕಿತ್ತು.

ಲೆಕ್ಕದ ಹುಡುಕಾಟ

ಆ ಹುಡುಕಾಟ ಫಲ ಕೊಟ್ಟದ್ದು 2015ರಲ್ಲಿ, ಕ್ಲಾಪ್ ಬಂದಾಗ. ಅದಕ್ಕೆ ಮುನ್ನ ಅವರು ನಡೆಸುತ್ತಿದ್ದ ಜರ್ಮನಿಯ ಡಾರ್ಟ್‌ಮುಂಡ್ ತಂಡ ಅವರ ಕೊನೆಯ ಋತುವಿನಲ್ಲಿ ಏಳನೆಯ ಸ್ಥಾನಕ್ಕೆ ಜಾರಿತ್ತು. ಅವರ ಕಾಲ ಮುಗಿಯಿತು ಎಂದವರು ಕಡಿಮೆಯಿರಲಿಲ್ಲ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಲಿವರ್‌ಪೂಲ್‌ನ ಸಂಶೋಧನಾ ವಿಭಾಗ ನಡೆಸುತ್ತಿದ್ದ ಇಯಾನ್ ಗ್ರಹಾಂ ಆ ಪಂದ್ಯಗಳನ್ನು ಗೋಲಿನ ಅವಕಾಶಗಳ ಲೆಕ್ಕದಲ್ಲಿ ಅಳೆದರು. ತಂಡ ಚೆನ್ನಾಗಿಯೇ ಆಡಿತ್ತು, ಅದೃಷ್ಟ ಕೈಕೊಟ್ಟಿತ್ತು ಎಂಬುದು ಅವರಿಗೆ ಕಂಡ ಉತ್ತರ. ಕ್ಲಾಪ್ 2019ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು, 2020ರಲ್ಲಿ 30 ವರ್ಷಗಳ ಬಳಿಕ ಲೀಗ್ ಕಿರೀಟ ತಂದರು.

2024ರಲ್ಲಿ ಆಯ್ಕೆಯ ಹೊಣೆ ಆಡಳಿತದ ಮೈಕೆಲ್ ಎಡ್ವರ್ಡ್ಸ್ ಮತ್ತು ರಿಚರ್ಡ್ ಹ್ಯೂಸ್ ಅವರದಾಯಿತು. ಕ್ಲಾಪ್ ಕಟ್ಟಿದ ತಂಡಕ್ಕೆ ಒಗ್ಗುವ ಆಟ, ಕೈಲಿರುವ ಆಟಗಾರರನ್ನೇ ಬೆಳೆಸುವ ಗುಣ, ಕಡಿಮೆ ಹಣದಲ್ಲಿ ದೊಡ್ಡ ಫಲ ತೆಗೆದ ದಾಖಲೆ ಮುಂತಾದವನ್ನು ತೂಗಿ ಅವರು ನೆದರ್‌ಲೆಂಡ್ಸ್‌ನ ಆರ್ನೆ ಸ್ಲಾಟ್ ಬಳಿ ಬಂದು ನಿಂತರು. ಫೆಯೆನೂರ್ಡ್ ತಂಡಕ್ಕೆ 2023ರಲ್ಲಿ ಡಚ್ ಲೀಗ್ ಗೆದ್ದುಕೊಟ್ಟಿದ್ದರೂ ಅವರ ಹೆಸರು ಆನ್‌ಫೀಲ್ಡ್‌ನ ಬಹುತೇಕರ ಪಟ್ಟಿಯಲ್ಲಿರಲಿಲ್ಲ.

2024ರ ಮೇ 19ರಂದು ಕ್ಲಾಪ್ ಅವರ ಕೊನೆಯ ಪಂದ್ಯ. ಬೀಳ್ಕೊಡುಗೆಯ ಮಾತಿನ ನಡುವೆ ಅವರು ಇನ್ನೂ ಬಂದಿರದ ಸ್ಲಾಟ್ ಹೆಸರನ್ನು ಹಾಡಾಗಿ ಹಾಡಿ, ಇಡೀ ಮೈದಾನದ ಬಾಯಲ್ಲಿ ಹಾಡಿಸಿದರು. ಶಾಂಕ್ಲಿಗೆ ಕಷ್ಟವಾಗಿದ್ದನ್ನು ಕ್ಲಾಪ್ ಅಂದು ಮನಃಪೂರ್ವಕ ಮಾಡಿದರು. ಫುಟ್‌ಬಾಲ್ ಕಂಡ ಅತ್ಯಂತ ಉದಾರ ಬೀಳ್ಕೊಡುಗೆಗಳಲ್ಲಿ ಅದೊಂದು.

ಸ್ಲಾಟ್ ತಂಡವನ್ನು ಬುಡಮೇಲು ಮಾಡಲಿಲ್ಲ. ಆ ಬೇಸಿಗೆಯಲ್ಲಿ ಕೊಂಡು ತಂಡಕ್ಕೆ ಸೇರಿಸಿಕೊಂಡವರು ಇಟಲಿಯ ಫೆಡೆರಿಕೊ ಕಿಯೇಸಾ ಒಬ್ಬರೇ. ಮುನ್ನುಗ್ಗಿ ಆಡುತ್ತಿದ್ದ ರಯನ್ ಗ್ರಾವೆನ್‌ಬರ್ಖ್ ಅವರನ್ನು ರಕ್ಷಣಾ ಸಾಲಿನ ಮುಂದೆ ನಿಲ್ಲಿಸಿ ಹೊಸ ಆಟಗಾರನನ್ನೇ ಪಡೆದರು. ಮೊಹಮ್ಮದ್ ಸಲಾ ಲೀಗ್‌ನಲ್ಲಿ 29 ಗೋಲು ಹೊಡೆದರು. 2025ರ ಏಪ್ರಿಲ್ 27ರಂದು ಟಾಟನ್‌ಹ್ಯಾಂ ತಂಡವನ್ನು 5–1ರಿಂದ ಮಣಿಸಿ, ನಾಲ್ಕು ಪಂದ್ಯ ಬಾಕಿಯಿರುವಾಗಲೇ ಲಿವರ್‌ಪೂಲ್ ತನ್ನ 20ನೆಯ ಲೀಗ್ ಕಿರೀಟ ಗೆದ್ದಿತು.

ಏಳೇ ತಿಂಗಳಲ್ಲಿ ಹಳೆಯ ಪ್ರಶ್ನೆ ಮತ್ತೆ ಎದ್ದಿತು. 2025ರ ನವೆಂಬರ್‌ನಲ್ಲಿ ಆನ್‌ಫೀಲ್ಡ್‌ನಲ್ಲೇ ನಾಟಿಂಗ್‌ಹ್ಯಾಂ ಫಾರೆಸ್ಟ್ ಎದುರು 0–3, ನಾಲ್ಕು ದಿನಗಳಲ್ಲಿ ಪಿಎಸ್‌ವಿ ಎದುರು 1–4ರ ಸೋಲು. ಜುಲೈನಲ್ಲಿ ತನ್ನ ಆಟಗಾರ ಡಿಯೊಗೊ ಜೋಟಾ ಅವರನ್ನು ಕಾರು ಅಪಘಾತದಲ್ಲಿ ಕಳೆದುಕೊಂಡ ತಂಡವದು ಎಂಬುದನ್ನೂ ಮರೆತು, ಕಿರೀಟ ತಂದವರನ್ನೇ ಕಳುಹಿಸಿ ಎಂದವರಿದ್ದರು.

ಇಲ್ಲಿ ನಾನು ಅಭಿಮಾನಿಗಳ ಪರವೂ ಹೌದು, ಅವರ ಆತುರದ ವಿರೋಧಿಯೂ ಹೌದು. ಅಲೋನ್ಸೊ ಬರಲಿ ಎಂದವರು ಬಯಸಿದ್ದ ಹೊಸ ಕಾಲದ ಆಟ, ಕ್ಲಬ್ಬಿನ ಮೇಲಿನ ಗೌರವ ಎರಡೂ ಅವರಿಗೆ ಅಪರಿಚಿತ ಹೆಸರಿನಲ್ಲೇ ಸಿಕ್ಕವು. ನಿಮ್ಮ ಕ್ಲಬ್ ಯಾವುದೇ ಇರಲಿ, ಮ್ಯಾನೇಜರ್ ಬದಲಾಗುವ ದಿನ ಚರ್ಚಿಸಿ, ಗಟ್ಟಿಯಾಗಿಯೇ ಚರ್ಚಿಸಿ. ಆದರೆ ಹೆಸರಿಗಿಂತ ಮೊದಲು, ತಂಡದಲ್ಲಿ ಏನು ಉಳಿಯಬೇಕು, ಏನು ಬದಲಾಗಬೇಕು ಎಂಬುದನ್ನು ಕೇಳಿ. ಆಡಳಿತದಿಂದಲೂ ಅದಕ್ಕೆ ಉತ್ತರ ಪಡೆಯಿರಿ. ಆಮೇಲೆ ಯಾರೇ ಬಂದರೂ, ಅವರಿಗೆ ಕೆಲಸ ಮಾಡಲು ಕಾಲ ಕೊಡಿ.