ಮುರಿದ ಎಲುಬಿಗೆ ಪ್ಲಾಸ್ಟರ್ ಪಟ್ಟಿ: ಅರೆವೈದ್ಯಕೀಯ ವಿದ್ಯಾರ್ಥಿಗಳ ತರಬೇತಿ ಹಾಗೂ ಸಾರ್ವಜನಿಕರಿಗೆ ಮಾಹಿತಿ

ಎಂ.ಕೆ. ಹುಬ್ಬಳ್ಳಿಯು ಬೆಳಗಾವಿ ಜಿಲ್ಲೆಯ ಕಿತ್ತೂರು ತಾಲ್ಲೂಕಿನಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ, ಬೆಳಗಾವಿ–ಧಾರವಾಡ ರಾಷ್ಟ್ರೀಯ ಹೆದ್ದಾರಿಗೆ ಹೊಂದಿಕೊಂಡಿರುವ ಪಟ್ಟಣವಾಗಿದೆ. ಹೆದ್ದಾರಿಯ ಸಂಚಾರ, ಕಬ್ಬಿನ ಕಟಾವು ಮತ್ತು ಸಾಗಾಣಿಕೆ ನಡೆಯುವ ಇಂತಹ ಪ್ರದೇಶದಲ್ಲಿ ಕೈಕಾಲು ಮುರಿತದ ಪ್ರಕರಣಗಳು ಅಪರೂಪವಲ್ಲ. ಮುರಿದ ಎಲುಬನ್ನು ಸ್ವಸ್ಥಾನಕ್ಕೆ ತರುವ ತೀರ್ಮಾನವು ವೈದ್ಯರದು. ಆದರೆ ಪಟ್ಟಿಯನ್ನು ಸಿದ್ಧಪಡಿಸುವ, ಸುತ್ತುವ ಮತ್ತು ನಂತರ ನಿಗಾ ವಹಿಸುವ ಕೆಲಸದಲ್ಲಿ ತರಬೇತಿ ಪಡೆದ ಸಹಾಯಕರ ಪಾತ್ರ ದೊಡ್ಡದು.

ಈ ಕೌಶಲ್ಯವನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸಾ ಕೊಠಡಿ ತಂತ್ರಜ್ಞಾನದ ವಿದ್ಯಾರ್ಥಿಗಳು ಆಸ್ಪತ್ರೆಯ ಪ್ಲಾಸ್ಟರ್ ಕೊಠಡಿಯಲ್ಲಿ ಕಲಿಯುತ್ತಾರೆ. ಅರೆವೈದ್ಯಕೀಯ ಡಿಪ್ಲೊಮಾಗಳಿಗೆ ಎಸ್.ಎಸ್.ಎಲ್.ಸಿ. ಅಥವಾ ವಿಜ್ಞಾನ ವಿಷಯದ ಪಿ.ಯು.ಸಿ. ಉತ್ತೀರ್ಣರಾದವರನ್ನು ಪರಿಗಣಿಸುವ ಪದ್ಧತಿ ಕರ್ನಾಟಕದಲ್ಲಿ ಬೆಳೆದುಬಂದಿದೆ. ಕೇಂದ್ರವು 2021ರಲ್ಲಿ ಅರೆವೈದ್ಯಕೀಯ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಜಾರಿಗೊಳಿಸಿರುವುದರಿಂದ, ಅಭ್ಯರ್ಥಿಗಳು ಆಯಾ ವರ್ಷದ ಅಧಿಸೂಚನೆಯನ್ನು ಪರಿಶೀಲಿಸಿಯೇ ಅರ್ಜಿ ಸಲ್ಲಿಸತಕ್ಕದ್ದು. ವಿಳಾಸದಲ್ಲಿ ಕೇವಲ ‘ಹುಬ್ಬಳ್ಳಿ’ ಎಂದು ನಮೂದಿಸಿದಲ್ಲಿ ಧಾರವಾಡ ಜಿಲ್ಲೆಯ ಹುಬ್ಬಳ್ಳಿಯೆಂದು ಭಾವಿಸುವ ಸಂಭವವಿರುವುದರಿಂದ, ‘ಎಂ.ಕೆ. ಹುಬ್ಬಳ್ಳಿ, ಕಿತ್ತೂರು ತಾಲ್ಲೂಕು’ ಎಂದು ಪೂರ್ಣವಾಗಿ ಬರೆಯುವುದು ಸೂಕ್ತ.

ಜನರು ಇದನ್ನು ‘ಸಿಮೆಂಟ್ ಪಟ್ಟಿ’ ಎಂದು ಕರೆಯುವುದುಂಟು. ವಾಸ್ತವವಾಗಿ ಇದರಲ್ಲಿ ಸಿಮೆಂಟ್ ಇರುವುದಿಲ್ಲ. ಜಿಪ್ಸಂ ಖನಿಜವನ್ನು ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಭಾಗವನ್ನು ತೆಗೆದಾಗ ದೊರೆಯುವ ಪುಡಿಯನ್ನು ಬಟ್ಟೆಗೆ ಲೇಪಿಸಲಾಗಿರುತ್ತದೆ. ನೀರು ತಗುಲಿದೊಡನೆ ಪುಡಿಯು ಮತ್ತೆ ಜಿಪ್ಸಂ ಆಗಿ ಗಟ್ಟಿಯಾಗುತ್ತದೆ ಮತ್ತು ಆಗ ಶಾಖವನ್ನು ಹೊರಬಿಡುತ್ತದೆ. 1852ರಲ್ಲಿ ಡಚ್ ಸೇನಾ ವೈದ್ಯ ಆಂಟೋನಿಯಸ್ ಮಾಥೈಸನ್ ಬಳಕೆಗೆ ತಂದ ಈ ಕ್ರಮವು ಫೈಬರ್ ಗ್ಲಾಸ್ ಪಟ್ಟಿ ಬಂದ ನಂತರವೂ ಉಳಿದಿದೆ. ಇದು ಅಗ್ಗ, ಮತ್ತು ಅಂಗದ ಆಕಾರಕ್ಕೆ ಸುಲಭವಾಗಿ ಒಗ್ಗುತ್ತದೆ.

ವಿದ್ಯಾರ್ಥಿಯು ಮೊದಲು ಕಲಿಯಬೇಕಾದುದು ಹತ್ತಿಯ ಪದರವನ್ನು. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಭಾಗವನ್ನು ಮುಚ್ಚುವಂತೆ ಹತ್ತಿಯನ್ನು ಸುತ್ತಿ, ಹಿಮ್ಮಡಿ, ಕಣಕಾಲಿನ ಗಂಟು, ಮೊಣಕೈ ಮುಂತಾದ ಎಲುಬು ಎದ್ದು ಕಾಣುವ ಜಾಗಗಳಲ್ಲಿ ಹೆಚ್ಚುವರಿ ಪದರವನ್ನಿಡಬೇಕು. ಮೊಣಕಾಲಿನ ಹೊರಬದಿಯ ಕೆಳಗೆ ನರವೊಂದು ಚರ್ಮಕ್ಕೆ ತೀರ ಸಮೀಪದಲ್ಲಿ ಹಾದುಹೋಗುತ್ತದೆ. ಅಲ್ಲಿ ಪಟ್ಟಿ ಒತ್ತಿದಲ್ಲಿ ಪಾದವನ್ನು ಮೇಲೆತ್ತುವ ಶಕ್ತಿಯೇ ಕುಂದಬಹುದು. ಹಾಗೆಂದು ಹತ್ತಿಯನ್ನು ಅತಿಯಾಗಿ ತುಂಬಿದರೆ ಪಟ್ಟಿಯು ಸಡಿಲಾಗಿ ಎಲುಬು ಜರುಗುತ್ತದೆ. ಈ ಹದವು ಪುಸ್ತಕದಿಂದ ಬರುವುದಲ್ಲ. ವಿದ್ಯಾರ್ಥಿಗಳು ಪರಸ್ಪರರ ಕೈಗೆ ಪಟ್ಟಿ ಸುತ್ತಿ ಅಭ್ಯಾಸ ಮಾಡುವುದು ಆ ಕಾರಣಕ್ಕಾಗಿಯೇ.

ಅನಂತರ ಪಟ್ಟಿಯ ಸುರುಳಿಯನ್ನು ಗುಳ್ಳೆಗಳು ನಿಲ್ಲುವವರೆಗೆ ನೀರಿನಲ್ಲಿ ಮುಳುಗಿಸಿ, ಮೃದುವಾಗಿ ಹಿಂಡಿ, ಎಳೆಯದೆ ಸುತ್ತಬೇಕು. ಬಿಸಿನೀರಿನಲ್ಲಿ ಪಟ್ಟಿ ಬೇಗ ಗಟ್ಟಿಯಾಗುವುದು ನಿಜವಾದರೂ, ಹೆಚ್ಚಿದ ಶಾಖದಿಂದ ಚರ್ಮ ಸುಡುವ ಅಪಾಯವಿದೆ. ಒದ್ದೆ ಪಟ್ಟಿಯನ್ನು ಅಂಗೈಯಿಂದಲೇ ಹಿಡಿಯತಕ್ಕದ್ದು. ಬೆರಳ ತುದಿಯಿಂದ ಹಿಡಿದರೆ ಉಂಟಾಗುವ ತಗ್ಗು ಒಳಗೆ ಒತ್ತಿ ಹುಣ್ಣಾಗುತ್ತದೆ. ಮುಂಗೈ ಮಣಿಕಟ್ಟಿನ ಮುರಿತದಲ್ಲಿ ಪಟ್ಟಿಯು ಅಂಗೈಯ ಗೆರೆಗಿಂತ ಮುಂದಕ್ಕೆ ಹೋಗಬಾರದು. ಬೆರಳುಗಳು ಪೂರ್ಣವಾಗಿ ಮಡಚುವಂತಿರಬೇಕು.

ಪೆಟ್ಟಾದ ಅಂಗವು ಮೊದಲ ಒಂದೆರಡು ದಿನ ಬಾಯುತ್ತದೆ. ಆದ್ದರಿಂದ ವೈದ್ಯರು ಹಲವು ವೇಳೆ ಆರಂಭದಲ್ಲಿ ಒಂದು ಬದಿಗೆ ಮಾತ್ರ ಪ್ಲಾಸ್ಟರ್ ಹಲಗೆಯನ್ನಿರಿಸಿ, ಬಾವು ಇಳಿದ ನಂತರ ಪೂರ್ಣ ಪಟ್ಟಿಯನ್ನು ಹಾಕುತ್ತಾರೆ. ರೋಗಿಯ ಕಡೆಯವರು ಇದನ್ನು ಅರ್ಧಂಬರ್ಧ ಚಿಕಿತ್ಸೆಯೆಂದು ತಿಳಿಯಬಾರದು. ಬಿಗಿಯಾದ ಕಟ್ಟಿನೊಳಗೆ ಬಾವು ಹೆಚ್ಚಿದಲ್ಲಿ ರಕ್ತಸಂಚಾರ ಕುಂದಿ, ಕೆಲವೇ ಗಂಟೆಗಳಲ್ಲಿ ಮಾಂಸಖಂಡಗಳಿಗೆ ಶಾಶ್ವತ ಹಾನಿಯಾಗಬಹುದು. ಅಂಗವನ್ನೇ ಕಳೆದುಕೊಳ್ಳುವ ಪ್ರಸಂಗವೂ ಬರಬಹುದು. ಬಿದಿರಿನ ದಬ್ಬೆಗಳಿಂದ ಬಿಗಿಯಾಗಿ ಕಟ್ಟುವ ನಾಟಿ ಕಟ್ಟಿನಲ್ಲಿಯೂ ಇದೇ ಅಪಾಯವಿದೆ.

ಆದುದರಿಂದ ಪಟ್ಟಿ ಸುತ್ತಿದ ನಂತರದ ಪರೀಕ್ಷೆಯು ವಿದ್ಯಾರ್ಥಿಯ ಕೆಲಸದ ಮುಖ್ಯ ಭಾಗ. ಉಗುರನ್ನು ಒತ್ತಿ ಬಿಟ್ಟಾಗ ಸುಮಾರು 2 ಸೆಕೆಂಡುಗಳಲ್ಲಿ ಕೆಂಪುಬಣ್ಣ ಮರಳಬೇಕು. ಬೆರಳುಗಳು ಬೆಚ್ಚಗಿರಬೇಕು, ಸ್ಪರ್ಶ ತಿಳಿಯಬೇಕು. ಬೆರಳನ್ನು ಇನ್ನೊಬ್ಬರು ನೇರಗೊಳಿಸಿದಾಗ ತಡೆಯಲಾಗದ ನೋವಾಗುವುದು, ಮಾತ್ರೆ ತೆಗೆದುಕೊಂಡರೂ ನೋವು ಏರುತ್ತಲೇ ಇರುವುದು ಮೊದಲ ಎಚ್ಚರಿಕೆ. ‘ಮೊದಲ ದಿನ ನೋವು ಸಹಜ, ಬೆಳಗಾಗಲಿ’ ಎಂದು ಮನೆಯವರು ಕಾಯುವುದು ಅತ್ಯಂತ ಅಪಾಯಕರ. ಅಂತಹ ಸಂದರ್ಭದಲ್ಲಿ ಆಸ್ಪತ್ರೆಯಲ್ಲಿ ಪಟ್ಟಿಯನ್ನೂ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಸೀಳಲಾಗುತ್ತದೆ. ನಾಡಿ ಸಿಗುತ್ತಿದೆಯೆಂಬ ಒಂದೇ ಕಾರಣದಿಂದ ಅಪಾಯವಿಲ್ಲವೆಂದು ತಿಳಿಯಲಾಗದು.

ಪಟ್ಟಿಯು ಕೆಲವು ನಿಮಿಷಗಳಲ್ಲಿ ಗಟ್ಟಿಯಾದಂತೆ ತೋರಿದರೂ ಪೂರ್ಣ ಒಣಗಲು 1ರಿಂದ 3 ದಿನಗಳು ಬೇಕು. ಅಲ್ಲಿಯವರೆಗೆ ಕಂಬಳಿ ಹೊದಿಸದೆ, ಅಂಗವನ್ನು ದಿಂಬಿನ ಮೇಲೆ ಎತ್ತರಿಸಿಡತಕ್ಕದ್ದು. ತುರಿಕೆಗೆಂದು ಒಳಗೆ ಕಡ್ಡಿ ಹಾಕಬಾರದು. ಪಟ್ಟಿ ತೆಗೆಯುವ ಯಂತ್ರದ ಸದ್ದಿಗೆ ಮಕ್ಕಳು ಹೆದರುತ್ತಾರೆ. ಅದರ ಅಲಗು ಸುತ್ತುವುದಿಲ್ಲ, ಕಂಪಿಸುತ್ತದೆ ಎಂಬುದನ್ನು ಮೊದಲೇ ತೋರಿಸಿ ಧೈರ್ಯ ಹೇಳುವುದನ್ನೂ ವಿದ್ಯಾರ್ಥಿಗಳು ಕಲಿಯುತ್ತಾರೆ.

ಬೆರಳುಗಳು ನೀಲಿಯಾದಲ್ಲಿ, ಮರಗಟ್ಟಿದಲ್ಲಿ ಅಥವಾ ನೋವು ಹೆಚ್ಚುತ್ತಿದ್ದಲ್ಲಿ, ರಾತ್ರಿಯ ವೇಳೆಯಾದರೂ ರೋಗಿಯನ್ನು ತಕ್ಷಣ ಆಸ್ಪತ್ರೆಗೆ ಕರೆತರಬೇಕು. ವಾಹನ ದೊರೆಯದಿದ್ದಲ್ಲಿ 108 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಬರುವಾಗ ಹಿಂದಿನ ಎಕ್ಸ್‌ರೇ ಮತ್ತು ಚಿಕಿತ್ಸಾ ಚೀಟಿಯನ್ನು ತರತಕ್ಕದ್ದು.