ಸ್ಟರ್ಟರ್

ಸ್ಟರ್ಟರ್ ಎಂಬುದು ಗೊರಕೆಯನ್ನು ಹೋಲುವ, ಭಾರವಾದ ಉಸಿರಾಟದ ಸದ್ದನ್ನು ಸೂಚಿಸುವ ವೈದ್ಯಕೀಯ ಪದ. ಮೂಗು ಅಥವಾ ಗಂಟಲಿನ ಮೇಲ್ಭಾಗದಲ್ಲಿ ಗಾಳಿಯ ದಾರಿ ಕಿರಿದಾದಾಗ ಅಲ್ಲಿನ ಮೃದು ಅಂಗಾಂಶಗಳು ಅದುರಿ ಈ ಸದ್ದು ಹುಟ್ಟುತ್ತದೆ. ನಿದ್ದೆಯ ಸಾಮಾನ್ಯ ಗೊರಕೆ ಹುಟ್ಟುವುದೂ ಹೀಗೆಯೇ. ಆದರೆ ವೈದ್ಯರು ಈ ಪದವನ್ನು ಹೆಚ್ಚಾಗಿ ಪ್ರಜ್ಞೆ ತಪ್ಪಿದವರ ಉಸಿರಾಟಕ್ಕೆ, ಇಲ್ಲವೇ ಎಚ್ಚರವಿದ್ದಾಗಲೂ ಕೇಳಿಬರುವ ಗೊರಗೊರ ಸದ್ದಿಗೆ ಬಳಸುತ್ತಾರೆ.

ಪದಮೂಲ

ಲ್ಯಾಟಿನ್ ಭಾಷೆಯ ‘ಸ್ಟರ್ಟೆರೆ’ ಎಂಬ ಕ್ರಿಯಾಪದಕ್ಕೆ ಗೊರಕೆ ಹೊಡೆಯುವುದು ಎಂದರ್ಥ. ಅದರ ಧಾತುವಿಗೆ ‘-ಓರ್’ ಪ್ರತ್ಯಯ ಸೇರಿ ಈ ನಾಮಪದವಾಗಿದೆ. ನಡುಕವನ್ನು ಹೇಳುವ ‘ಟ್ರೆಮರ್’, ಮೂಲತಃ ಊತವನ್ನು ಹೇಳುತ್ತಿದ್ದ ‘ಟ್ಯೂಮರ್’ ಪದಗಳ ರಚನೆಯೂ ಇಂಥದ್ದೇ. ಕ್ರಿಯಾಪದವು ಪ್ರಾಚೀನ ರೋಮಿನದು, ನಾಮಪದ ಮಾತ್ರ ಬಹಳ ಈಚಿನದು. ಇಂಗ್ಲಿಷಿನಲ್ಲಿ ಅದು 19ನೆಯ ಶತಮಾನದ ಆರಂಭದಿಂದ ಬಳಕೆಯಲ್ಲಿದೆ.

ಲ್ಯಾಟಿನ್ ಧಾತುವನ್ನು ಸದ್ದಿನ ಅನುಕರಣೆಯಿಂದ ಹುಟ್ಟಿದ್ದೆಂದು ಭಾವಿಸಲಾಗಿದೆ. ಕನ್ನಡದ ‘ಗೊರಕೆ’ಯೂ ಅನುಕರಣ ಪದವೇ, ತೆಲುಗಿನ ‘ಗುರಕ’, ತಮಿಳಿನ ‘ಕುರಟ್ಟೈ’ ಇದಕ್ಕೆ ಹತ್ತಿರದವು. ರೋಮನರ ಕಿವಿ ‘ಸ್ಟರ್’ ಎಂದು ಹಿಡಿದದ್ದನ್ನು ದ್ರಾವಿಡ ಭಾಷೆಗಳು ಗಂಟಲಿನ ಗ-ಕ ಧ್ವನಿಗಳಲ್ಲಿ ಹಿಡಿದಿವೆ.

ಸಂಬಂಧಿತ ಪದಗಳು

‘ರೋಂಕಸ್’ ಪದಕ್ಕೂ ಗೊರಕೆ ಎಂದೇ ಅರ್ಥ. ಇದು ಗ್ರೀಕಿನಿಂದ ಲ್ಯಾಟಿನ್‌ಗೆ ಬಂದದ್ದು. 1816ರಲ್ಲಿ ಸ್ಟೆತೊಸ್ಕೋಪ್ ಕಂಡುಹಿಡಿದ ಫ್ರೆಂಚ್ ವೈದ್ಯ ರೆನೆ ಲೆನೆಕ್, ಎದೆಯೊಳಗಿನ ಸದ್ದುಗಳನ್ನು ಫ್ರೆಂಚಿನಲ್ಲಿ ‘ರಾಲ್’ ಎಂದು ಕರೆದನು. ಸಾಯುವವರ ಗಂಟಲಿನ ಸದ್ದಿಗೂ ಅದೇ ಹೆಸರಿದ್ದುದರಿಂದ ರೋಗಿಗಳು ಹೆದರುತ್ತಿದ್ದರು. ಹಾಗಾಗಿ ಅವರೆದುರು ಆತ ಲ್ಯಾಟಿನ್ ಪದವನ್ನೇ ಆಡುತ್ತಿದ್ದನು. ಇಂದು ರೋಂಕಸ್ ಎಂದರೆ ಶ್ವಾಸನಾಳಗಳಿಂದ ಕೇಳಿಬರುವ, ಗೊರಕೆಯಂಥ ಸದ್ದು.

ಸ್ಟರ್ಟರಿನೊಂದಿಗೆ ಸುಲಭವಾಗಿ ಬೆರೆತುಹೋಗುವ ಇನ್ನೊಂದು ಪದ ‘ಸ್ಟ್ರೈಡರ್’. ಕಿರುಗುಟ್ಟು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಇದು ಧ್ವನಿಪೆಟ್ಟಿಗೆ ಅಥವಾ ಶ್ವಾಸನಾಳ ಕಿರಿದಾದಾಗ ಕೇಳುವ ತೀಕ್ಷ್ಣ ಸದ್ದು.

ವೈದ್ಯಕೀಯ ಮಹತ್ವ

ಜೋರಾಗಿ ಗೊರೆಯುವವರನ್ನು ಕುಂಭಕರ್ಣನಿಗೆ ಹೋಲಿಸಿ ನಗುವುದು ರೂಢಿ. ಪಾರ್ಶ್ವವಾಯು, ತಲೆಗೆ ಪೆಟ್ಟು, ಮೂರ್ಛೆರೋಗದ ಸೆಳೆತ, ಅತಿಯಾದ ಮದ್ಯ ಅಥವಾ ನಿದ್ರಾಜನಕ ಔಷಧಗಳಿಂದ ಪ್ರಜ್ಞೆ ತಪ್ಪಿದಾಗಲೂ ಇಂಥದ್ದೇ ಸದ್ದು ಕೇಳುತ್ತದೆ. ಮನೆಯವರು ಅದನ್ನು ಗಾಢನಿದ್ರೆಯೆಂದು ತಿಳಿದು ಹಾಗೆಯೇ ಬಿಡುವುದುಂಟು. ನಿದ್ರಿಸುವವರು ಕರೆದು ಅಲುಗಿಸಿದರೆ ಏಳುತ್ತಾರೆ, ಪ್ರಜ್ಞೆ ತಪ್ಪಿದವರು ಏಳುವುದಿಲ್ಲ. ಅಂಗಾತ ಮಲಗಿದ್ದರೆ ಸಡಿಲಗೊಂಡ ನಾಲಿಗೆ ಹಿಂದಕ್ಕೆ ಜಾರಿ ಗಾಳಿಯ ದಾರಿ ಪೂರ್ಣವಾಗಿ ಮುಚ್ಚಬಹುದು. ಕತ್ತಿಗೆ ಪೆಟ್ಟಾದ ಶಂಕೆಯಿಲ್ಲದಿದ್ದರೆ, ಉಸಿರಾಡುತ್ತಿರುವ ಇಂಥವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುವುದು ಪ್ರಥಮ ಚಿಕಿತ್ಸೆಯ ಕ್ರಮ. ಕರ್ನಾಟಕದಲ್ಲಿ ತುರ್ತು ಆಂಬ್ಯುಲೆನ್ಸ್‌ನ ದೂರವಾಣಿ ಸಂಖ್ಯೆ 108.