ಕ್ಷಯಕ್ಕೆ 6 ತಿಂಗಳ ಮಾತ್ರೆ ಏಕೆ?



“ಕೆಮ್ಮು ನಿಂತಿತಲ್ಲ, ಮಾತ್ರೆ ಇನ್ನೇಕೆ?” ಎಂದು ರೋಗಿಗಳು ಕೇಳುವುದುಂಟು. ಉತ್ತರ ರೋಗಾಣುವಿನ ಉಪಾಯದಲ್ಲಿದೆ.

ಶ್ವಾಸಕೋಶದ ಭಕ್ಷಕ ಕೋಶಗಳು ಕ್ಷಯದ ರೋಗಾಣುವನ್ನು ನುಂಗುತ್ತವೆ. ಆದರೆ ಅದು ಸ್ರವಿಸುವ ಕೆಲವು ಪ್ರೋಟೀನುಗಳು ಕೋಶದ ಜೀರ್ಣಚೀಲವನ್ನು ಹತ್ತಿರ ಬರಗೊಡುವುದಿಲ್ಲ. ಸೋಂಕು ತಗುಲಿದ ಕೋಶ ತಾನೇ ಸತ್ತು ರೋಗ ಹರಡುವುದನ್ನು ತಡೆಯಬಲ್ಲದು. ನುಓಜಿ ಎಂಬ ಪ್ರೋಟೀನು ಆ ಸಾವಿಗೂ ಅಡ್ಡಬರುತ್ತದೆ. ಒಳಗೆ ಸಂಖ್ಯೆ ಹೆಚ್ಚಿದ ಮೇಲೆ ಕೋಶ ಒಡೆದು ರೋಗಾಣುಗಳು ಹೊರಬೀಳುತ್ತವೆ. ಕೆಲವು ಅಡಗಿಯೇ ಉಳಿಯುತ್ತವೆ. ಅವನ್ನು ತೀರಿಸಲು ಸಾಮಾನ್ಯವಾಗಿ 6 ತಿಂಗಳು ಬೇಕು. ನಡುವೆ ಬಿಟ್ಟರೆ ರೋಗ ಮರಳಬಹುದು, ಔಷಧಕ್ಕೆ ಜಗ್ಗದಂತೆಯೂ ಆಗಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಆದರೆ ಪೌಷ್ಟಿಕ ಆಹಾರ, ಓಡಾಟ, ತಪ್ಪಿದ ಕೂಲಿ? ನಿಮ್ಮ ದೇಣಿಗೆ ಅದಕ್ಕಾಗಿ.